ಬನಿಯನ್ ತೊಟ್ಟ ಮೊಸಳೆ

ಗಂಡ ಕುಡಿದು ಬಂದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಕೂಗಾಡಿದರೆ ಪಕ್ಕದ ಮನೆಗೆ ಗೊತ್ತಾಗುತ್ತದೆ. ಆದರೆ ಅವನು ಸುಮ್ಮನೆ ಮುಟ್ಟುವುದನ್ನು ಬಿಟ್ಟರೆ, ಹೆಂಡತಿಯೊಬ್ಬಳನ್ನುಳಿದು ನರಪಿಳ್ಳೆಗೂ ಗೊತ್ತಾಗುವುದಿಲ್ಲ. ಅವಳಾದರೂ ಯಾರ ಮುಂದೆ ಹೇಳಿಕೊಳ್ಳಬೇಕು? ‘ನಮ್ಮ ಯಜಮಾನರು ಈಚೆಗೆ ನನ್ನ ಹೆಗಲ ಮೇಲೆ ಕೈ ಹಾಕುತ್ತಿಲ್ಲ’ ಎಂದು ಐವತ್ತೈದು ದಾಟಿದ ಹೆಂಗಸು ಹೇಳಿದರೆ ಕೇಳಿದವರು ನಗುತ್ತಾರೆ, ಇಲ್ಲವೇ ಬುದ್ಧಿ ಹೇಳುತ್ತಾರೆ. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದೆಂದು ಹೇಳುವುದು ಕಷ್ಟ.

ಊರಿನ ಈಜುಕೊಳದ ಟಿಕೆಟ್ ಕಿಟಕಿಯಲ್ಲಿ ಕೂರುವ ಹೆಂಗಸಿಗೆ ಈ ಕಷ್ಟ ಬಂದು ವರ್ಷದ ಮೇಲಾಗಿತ್ತು. ಅವಳನ್ನು ಎಲ್ಲರೂ ಕಿಟಕಿಯಮ್ಮ ಎನ್ನುತ್ತಿದ್ದರು. ಕಿಟಕಿ ಎಂದರೆ ಕೈ ತೂರುವಷ್ಟು ಅಗಲದ ಕಂಡಿ, ಅಷ್ಟೇ. ಅದರೊಳಗೆ ಬರುವ ಕೈಗೆ ಟಿಕೆಟ್ ಕೊಟ್ಟು, ಬಟ್ಟೆ ಇಡುವ ಬೀರುವಿನ ಬೀಗದ ಕೈಯನ್ನು ರಬ್ಬರ್ ಬಳೆಗೆ ಪೋಣಿಸಿ ಕೊಡುವುದು ಅವಳ ಕೆಲಸ. ಮುಖಕ್ಕಿಂತ ಕೈ ನೋಡಿಯೇ ಜನರನ್ನು ಗುರುತಿಸುವಷ್ಟು ಪಳಗಿದ್ದಳು. ಕಚ್ಚಿದ ಉಗುರಿನ ಕೈ ನಡುಗುತ್ತ ಒಳಬಂದರೆ ಇವರಿಗೆ ಇವತ್ತೇ ಮೊದಲ ಪಾಠ ಎಂದು ತಿಳಿದು, “ಹೆದರ್ಬೇಡಿ, ನಮ್ಮ ಮೇಷ್ಟ್ರು ಇಲ್ಲೀವರೆಗೆ ಯಾರನ್ನೂ ಮುಳುಗಿಸಿಲ್ಲ” ಎನ್ನುತ್ತಿದ್ದಳು.

ಆ ಮೇಷ್ಟ್ರೇ ಅವಳ ಗಂಡ. ಮಕ್ಕಳ ಬಾಯಲ್ಲಿ ಮೊಸಳೆ ಮೇಷ್ಟ್ರು. ಮೂಗಿನ ತನಕ ಮುಳುಗಿ, ಬರೀ ಕಣ್ಣು ಮೇಲಿಟ್ಟು, ಸದ್ದಿಲ್ಲದೆ ಹಿಂದಿನಿಂದ ಬಂದು, ಕಾಲು ಬಡಿಯದೆ ಮೈಗಳ್ಳತನ ಮಾಡುವವರ ಪಾದ ಹಿಡಿದೆಳೆಯುತ್ತಿದ್ದರು. ಹೆಸರು ಹಾಗೆ ಬಂತು. ಇಡೀ ಊರಿಗೆ ಈಜು ಕಲಿಸಿದ ಮನುಷ್ಯನಿಗೆ ಸ್ವಂತ ಹೆಂಡತಿಗೆ ಕಲಿಸಲಾಗಲಿಲ್ಲ. ಅವಳಿಗೆ ಸ್ನಾನದ ಬಕೆಟ್ಟಿಗಿಂತ ಆಳದ ನೀರೆಂದರೆ ಆಗದು. ದೀಪದ ಬುಡದಲ್ಲಿ ಕತ್ತಲೆ ಎಂದು ಯಾರಾದರೂ ಛೇಡಿಸಿದರೆ, “ಇಬ್ರೂ ನೀರಲ್ಲಿ ಬಿದ್ರೆ ಟಿಕೆಟ್ ಕೊಡೋರು ಯಾರು?” ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಮದುವೆಯಾದಾಗಿನಿಂದ ಮೇಷ್ಟ್ರಿಗೆ ಒಂದು ಚಾಳಿಯಿತ್ತು. ಕೆಲಸ ಮುಗಿಸಿ ಬಂದವರು ನೇರ ಅಡುಗೆಮನೆಗೆ ಹೋಗಿ, ಹೆಂಡತಿಯ ಬೆನ್ನ ಹಿಂದೆ ನಿಂತು, ಒದ್ದೆ ತಲೆಯನ್ನು ಅವಳ ಕುತ್ತಿಗೆಗೆ ಒರೆಸುತ್ತಿದ್ದರು. ಅವಳು “ಥೂ, ಕ್ಲೋರಿನ್ ವಾಸನೆ” ಎಂದು ಬೈಯುತ್ತಿದ್ದಳು. ಬೈಸಿಕೊಳ್ಳಲೆಂದೇ ಅವರು ಒರೆಸುತ್ತಿದ್ದರು, ಒರೆಸಲೆಂದೇ ಅವಳು ಆ ಹೊತ್ತಿಗೆ ಸರಿಯಾಗಿ ಒಲೆಯ ಮುಂದೆ ನಿಂತಿರುತ್ತಿದ್ದಳು. ಮಗಳ ಮದುವೆಯಾಗಿ ಮನೆಯಲ್ಲಿ ಇಬ್ಬರೇ ಉಳಿದ ಮೇಲಂತೂ ಈ ಆಟ ಇನ್ನೂ ಜೋರಾಗಿತ್ತು. ಈಗ ಅದು ನಿಂತೇ ಹೋಗಿತ್ತು. ಮೇಷ್ಟ್ರು ಬಾಗಿಲಲ್ಲೇ ಟವೆಲ್ಲಿನಿಂದ ತಲೆ ಒರೆಸಿಕೊಂಡು, ಕುರ್ಚಿಯಲ್ಲಿ ಕೂತು, “ಊಟಕ್ಕೇನು?” ಎನ್ನುತ್ತಿದ್ದರು. ಮಲಗುವಾಗ ಮಂಚದ ಅಂಚಿಗೆ ಸರಿದು ಗೋಡೆಗೆ ಮುಖ ಮಾಡುತ್ತಿದ್ದರು. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇಲ್ಲಿ ಜಗಳವೇ ಇರಲಿಲ್ಲ. ಇದ್ದಿದ್ದರೆ ಮುಗಿಯುತ್ತಿತ್ತಲ್ಲ.

ಹಾಗೆಂದು ಮೇಷ್ಟ್ರಿಗೆ ಕಾಯಿಲೆಯೇನೂ ಇದ್ದಂತಿರಲಿಲ್ಲ. ಹಿಂದೆ ಒಮ್ಮೆ ಮೂತ್ರ ಕಟ್ಟಿಕೊಂಡು ಒದ್ದಾಡಿದ್ದರು. ದೊಡ್ಡಾಸ್ಪತ್ರೆಯ ಡಾಕ್ಟರು ಪರೀಕ್ಷೆ ಮಾಡಿ, ವಯಸ್ಸಾದ ಗಂಡಸರಿಗೆ ಆಗುವಂತೆ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿದೆ, ಅದನ್ನು ಕುಗ್ಗಿಸಲು ದಿನಕ್ಕೊಂದು ಮಾತ್ರೆ ಎಂದು ಬರೆದುಕೊಟ್ಟಿದ್ದರು. ಇನ್ನೂ ಏನೇನೋ ಹೇಳಿದರಂತೆ. ಮಾತ್ರೆಯಿಂದ ಗುಣವಾಗುತ್ತದೆ ಎಂದ ಕೂಡಲೇ ಮೇಷ್ಟ್ರ ಕಿವಿ ಮುಚ್ಚಿಹೋಗಿತ್ತು. ಗುಣವೂ ಆಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಮರೆಯುವ ಗಂಡನನ್ನು ನಂಬಿ ಕೂರುವಂತಿಲ್ಲವೆಂದು ಬೆಳಗಿನ ಕಾಫಿಗೆ ಮುಂಚೆ ಆ ಮಾತ್ರೆಯನ್ನು ಕಿಟಕಿಯಮ್ಮನೇ ಅವರ ಅಂಗೈಗೆ ಹಾಕುತ್ತಿದ್ದಳು. ಒಂದು ದಿನವೂ ತಪ್ಪಿಸಿರಲಿಲ್ಲ.

ಅನುಮಾನಕ್ಕೆ ಬೀಜ ಬಿತ್ತಿದ್ದು ಕನ್ನಡಿ. ಜನ್ಮದಲ್ಲಿ ತಲೆ ಬಾಚಲು ಕೂಡ ಕನ್ನಡಿ ನೋಡದ ಮೇಷ್ಟ್ರು ಒಂದು ದಿನ ಅಂಗಿ ಬಿಚ್ಚಿ ಅದರ ಮುಂದೆ ನಿಂತು, ಅಡ್ಡ ತಿರುಗಿ, ಎದೆಯುಬ್ಬಿಸಿ, “ನೋಡೇ, ಈ ವಯಸ್ಸಲ್ಲಿ ಎದೆ ಹೇಗೆ ತುಂಬ್ಕೊಳ್ತಿದೆ. ಎಲ್ಲ ಬಟರ್‌ಫ್ಲೈ ಮಹಿಮೆ” ಎಂದಿದ್ದರು. ಬಟರ್‌ಫ್ಲೈ ಎಂದರೆ ಎರಡೂ ತೋಳನ್ನು ಒಟ್ಟಿಗೆ ಎತ್ತಿ, ನೀರು ಬಡಿದು, ಮುಂದಕ್ಕೆ ಚಿಮ್ಮುವ ಈಜು. ಹರೆಯದವರ ಸೊಂಟವನ್ನೇ ಹಿಡಿಸಿಬಿಡುವ ಕಸರತ್ತು. ಎದೆಗೆ ಮಾಂಸಖಂಡ ಬರುತ್ತಿದೆ ಎಂದು ನಂಬಿದ ಮೇಷ್ಟ್ರು ಅದನ್ನು ದಿನಾ ಇನ್ನಷ್ಟು ಹೆಚ್ಚಿಸಿದರು. ಬೇರೆ ಯಾವ ಕೆಲಸದವನಾದರೂ ಎದೆ ಊದಿದ್ದಕ್ಕೆ ಹೆದರುತ್ತಿದ್ದ. ಈಜು ಕಲಿಸುವವನು ಹಿಗ್ಗಿದ. ಹೆಂಡತಿಯೂ ಹಿಗ್ಗಿ ಬೆಳಿಗ್ಗೆ ಒಂದು ಮೊಟ್ಟೆ ಹೆಚ್ಚಿಗೆ ಬೇಯಿಸತೊಡಗಿದಳು.

ಆಮೇಲೆ ಆ ಹಿಗ್ಗೂ ಇಲ್ಲವಾಯಿತು. ಮೇಷ್ಟ್ರು ಅವಳೆದುರು ಅಂಗಿ ಬಿಚ್ಚುವುದನ್ನೇ ಬಿಟ್ಟರು. ಬಚ್ಚಲಿಂದ ಬರುವಾಗಲೇ ಗುಂಡಿಯೆಲ್ಲ ಹಾಕಿಕೊಂಡು ಬರುತ್ತಿದ್ದರು. ಕಿಟಕಿಯಮ್ಮ ಕಂಡಿಯ ಹಿಂದೆ ಕೂತು ಯೋಚಿಸಿದಳು. ಈ ವಯಸ್ಸಲ್ಲಿ ಗಂಡಸು ಎದೆ ಬೆಳೆಸುತ್ತಾನೆ, ಕನ್ನಡಿ ನೋಡುತ್ತಾನೆ, ಹೆಂಡತಿಯ ಕಡೆ ಮಾತ್ರ ನೋಡುವುದಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇರೆ ಬೇಕೆ? ಕೊಳದ ಪಂಪು ನೋಡಿಕೊಳ್ಳುವವನನ್ನು ಕರೆದು, ಏನೂ ಅಲ್ಲದವಳಂತೆ ಕೇಳಿದಳು.

“ತಮ್ಮಾ, ಹೆಂಗಸರ ತರಗತಿಗೆ ಹೊಸಬರು ಯಾರಾದ್ರೂ ಬರ್ತಿದಾರಾ?”

“ಟಿಕೆಟ್ ಕೊಡೋರು ನೀವೇ ಅಲ್ವಾ ಅಕ್ಕ?” ಎಂದ ಪಂಪಿನವನು.

ಅವಳಿಗೆ ನಾಚಿಕೆಯಾಯಿತು. ಆದರೂ ಆ ವಾರ ತಲೆಗೆ ಬಣ್ಣ ಹಚ್ಚಿಕೊಂಡಳು, ಸೋಪು ಬದಲಾಯಿಸಿದಳು. ಮೇಷ್ಟ್ರು ಊಟದ ಮಧ್ಯೆ ಅವಳನ್ನು ಒಂದು ಗಳಿಗೆ ನೋಡಿ, “ತಲೆಗೇನೋ ಹಚ್ಕೊಂಡಿದೀಯಲ್ಲ, ತಲೆನೋವಾ?” ಎಂದರು. ಹೂಂ ಎಂದಳು. ನಿಜಕ್ಕೂ ಆಮೇಲೆ ತಲೆನೋವು ಬಂತು.

ಇನ್ನೊಂದು ಸಂಜೆ ಮೇಷ್ಟ್ರ ಭುಜ ಹಿಡಿದುಕೊಂಡಿತ್ತು. ಅವಳು ಮುಲಾಮು ತಂದು, ಅಂಗಿಯ ಕಾಲರಿನೊಳಗೆ ಕೈ ಹಾಕಿ ತಿಕ್ಕುತ್ತಿದ್ದಳು. ಕೈ ಒಂದಿಷ್ಟು ಕೆಳಕ್ಕೆ, ಎದೆಯ ಕಡೆ ಜಾರಿತು. ಮೇಷ್ಟ್ರು ಅವಳ ಕೈಯನ್ನು ತಳ್ಳಿ ಎದ್ದು ನಿಂತುಬಿಟ್ಟರು.

“ಸಾಕು ಬಿಡು ಅಂದ್ನಲ್ಲ.”

ಅವರು ಹಾಗೆ ಅಂದೇ ಇರಲಿಲ್ಲ. ಕಿಟಕಿಯಮ್ಮ ಹೋಗಿ ಕೈ ತೊಳೆದುಕೊಂಡಳು. ಮುಲಾಮು ಹೋದ ಮೇಲೂ ತೊಳೆಯುತ್ತಲೇ ಇದ್ದಳು. ಮೂವತ್ತು ವರ್ಷ ಬಾಳಿದ ಗಂಡನಿಗೆ ತನ್ನ ಕೈ ಬೇಡವಾಯಿತೇ? ಮಾರನೆಯ ದಿನ ಕಂಡಿಯೊಳಗೆ ಯಾರದೋ ಕೈ ಬಂದು ಟಿಕೆಟ್ಟಿಗಾಗಿ ಕಾದು ಕಾದು, “ಅಮ್ಮಾ, ಇದೀರಾ?” ಎಂದು ಕೇಳಬೇಕಾಯಿತು. ಒಳಗೆ ಅವಳು ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು.

ಅಷ್ಟು ಹೊತ್ತಿಗೆ ಕೊಳದಲ್ಲೂ ಮಾತು ಹುಟ್ಟಿತ್ತು. ಮೇಷ್ಟ್ರು ನೀರಿಗೇ ಇಳಿಯುತ್ತಿಲ್ಲ. ಅಂಗಿ ತೊಟ್ಟು ದಡದಲ್ಲಿ ನಿಂತು, ಸೀಟಿ ಊದಿ, ಉದ್ದನೆಯ ಕೋಲು ಹಿಡಿದು ಅಲ್ಲಿಂದಲೇ ಕಲಿಸುತ್ತಾರೆ. ಬೆಳಗಿನ ತಂಡದ ನಿವೃತ್ತ ಅಂಚೆ ಮಾಸ್ತರರಂತೂ, “ಬೆನ್ನ ಕೆಳಗೆ ಮೇಷ್ಟ್ರ ಕೈ ಇದ್ರೇನೇ ನಾನು ತೇಲೋದು, ಕೋಲನ್ನ ನಂಬಿ ಯಾರು ತೇಲ್ತಾರೆ?” ಎಂದು ಕಿಟಕಿಯಲ್ಲಿ ದೂರು ಕೊಟ್ಟು ಹೋದರು.

ಒಂದು ದಿನ ಪಂಪಿನವನು ಕಿಟಕಿಯ ಹತ್ತಿರ ಬಂದು ಮುಷ್ಟಿ ಬಿಚ್ಚಿ ತೋರಿಸಿದ. ಒದ್ದೆ ನೂಲಿನ ಉಂಡೆ.

“ನೀರು ಸೋಸೋ ಬುಟ್ಟೀಲಿ ಸಿಕ್ತು ಅಕ್ಕ. ದಿನಾ ಸಿಗ್ತಿದೆ. ಯಾರೋ ಬಟ್ಟೆ ಹಾಕ್ಕೊಂಡು ಇಳೀತಿದಾರೆ.”

ಬಟ್ಟೆ ತೊಟ್ಟು ಯಾರೂ ಕೊಳಕ್ಕೆ ಇಳಿಯಬಾರದು, ನೂಲು ಬಿಟ್ಟು ಪಂಪು ಕಟ್ಟುತ್ತದೆ. ಇದು ಮೇಷ್ಟ್ರೇ ಮಾಡಿದ ಕಟ್ಟಳೆ. ನಗರಸಭೆಯ ಅಧ್ಯಕ್ಷರು ಅಂಗಿ ತೊಟ್ಟು ಇಳಿದಾಗ ಅವರಿಗೂ ಸೀಟಿ ಊದಿ ಮೇಲೆ ಹತ್ತಿಸಿದ್ದರು.

“ಯಾರು ಅಂತ ಮೇಷ್ಟ್ರಿಗೆ ಹೇಳೋದಲ್ವಾ?”

ಪಂಪಿನವನು ತಲೆ ಕೆರೆದುಕೊಂಡ. “ಬೇಲಿನೇ ಎದ್ದು ಹೊಲ ಮೇಯ್ದ್ರೆ ಯಾರಿಗೆ ಹೇಳೋದು ಅಕ್ಕ? ಮಧ್ಯಾಹ್ನ ಕೊಳ ಖಾಲಿ ಇದ್ದಾಗ ಹೋಗಿ ನೋಡಿ. ನಾನು ಹೇಳ್ದೆ ಅನ್ಬೇಡಿ.”

ಅವತ್ತು ಮಧ್ಯಾಹ್ನ ಅವಳು ಕಂಡಿಯ ಹಲಗೆ ಎಳೆದು, ಚಪ್ಪಲಿ ಕೈಲಿ ಹಿಡಿದು ಒಳಗೆ ಹೋದಳು. ಕೊಳದಲ್ಲಿ ಒಬ್ಬರೂ ಇರಲಿಲ್ಲ. ಆಳದ ತುದಿಯಲ್ಲಿ ಮಾತ್ರ ಮೇಷ್ಟ್ರು, ತೋಳಿರುವ ಬಿಳಿ ಬನಿಯನ್ ತೊಟ್ಟು, ಯಾರೋ ತಳ್ಳಿ ಬಿದ್ದವರ ಹಾಗೆ ಈಜುತ್ತಿದ್ದರು. ಬನಿಯನ್ನಿನೊಳಗೆ ಗಾಳಿ ಸೇರಿ ಬೆನ್ನ ಮೇಲೆ ಗುಳ್ಳೆಯಂತೆ ಉಬ್ಬಿತ್ತು. ಅವಳಿಗೆ ಮೊದಲು ನಗು ಬಂತು. ಮೇಷ್ಟ್ರು ತಲೆಯೆತ್ತಿ ಅವಳನ್ನು ಕಂಡರು, ಕಂಡವರೇ ಆಚೆ ದಡಕ್ಕೆ ತಿರುಗಿದರು. ಅವಳು ಸುತ್ತಿಕೊಂಡು ಆಚೆ ದಡಕ್ಕೆ ಹೋದಳು. ಅವರು ನಡುನೀರಿಗೆ ಬಂದು ನಿಂತರು. ಆಗ ಅವಳ ನಗು ಬತ್ತಿತು.

“ರೀ, ಇಲ್ಲಿ ಬನ್ನಿ.”

“ಬರ್ತೀನಿ, ನೀನು ಹೋಗಿರು. ಕಿಟಕೀಲಿ ಯಾರಿದಾರೆ?”

“ಕಿಟಕಿ ಎಲ್ಲೂ ಓಡಿಹೋಗಲ್ಲ. ನೀವು ಬರ್ತೀರೋ, ನಾನೇ ಇಳೀಲೋ?”

ಮೇಷ್ಟ್ರು ನಕ್ಕರು. ಮೂವತ್ತು ವರ್ಷದಲ್ಲಿ ಪಾದ ಒದ್ದೆ ಮಾಡಿಕೊಳ್ಳದ ಹೆಂಗಸು. ಅವಳು ಏಣಿಯ ಕಂಬಿ ಹಿಡಿದು, ಬೆನ್ನು ತಿರುಗಿಸಿ, ಒಂದು ಮೆಟ್ಟಿಲು ಇಳಿದಳು. ಇನ್ನೊಂದು ಇಳಿದಳು. ನೀರು ಮೊಣಕಾಲು ಮುಟ್ಟಿ ಸೀರೆ ತೇಲಿತು. ಕಣ್ಣು ಮುಚ್ಚಿಕೊಂಡಿದ್ದಳು, ಕಾಲು ಮಾತ್ರ ಮೂರನೆಯ ಮೆಟ್ಟಿಲನ್ನು ಹುಡುಕುತ್ತಿತ್ತು. ಅಲ್ಲಿ ಮೂರನೆಯ ಮೆಟ್ಟಿಲಾದ ಮೇಲೆ ಎರಡಾಳುದ್ದದ ನೀರು.

ಮೇಷ್ಟ್ರು ಬಂದ ವೇಗವನ್ನು ಹರೆಯದಲ್ಲೂ ಯಾರೂ ಕಂಡಿರಲಾರರು. ಅವಳ ಸೊಂಟ ಸುತ್ತಿ ಹಿಡಿದು ಎತ್ತಿ ದಡದ ಮೇಲೆ ಕೂರಿಸಿ, ತಾವೂ ಹತ್ತಿ ಏದುಸಿರು ಬಿಡುತ್ತ, “ತಲೆ ನೆಟ್ಟಗಿದೆಯಾ ನಿನಗೆ?” ಎಂದರು. ಅವಳು ಅವರನ್ನು ಬಿಡಲಿಲ್ಲ. ವರ್ಷದ ಮೇಲೆ ಗಂಡನ ಕೈ ಮೈಗೆ ತಾಗಿತ್ತು. ಅದು ಬೈಗುಳದ ಜತೆ ಬಂದರೂ ಅವಳಿಗೆ ಬೇಕಾಗಿತ್ತು. ಒದ್ದೆ ಬನಿಯನ್ನಿಗೆ ಮುಖವೊತ್ತಿದಾಗ ಅವರು ಹಲ್ಲು ಕಚ್ಚಿದ್ದು ಅವಳಿಗೆ ಕೇಳಿಸಿತು.

“ಯಾರವಳು?” ಎಂದಳು.

“ಯಾರು ಯಾರವಳು?”

“ನನ್ನ ಬಾಯಲ್ಲೇ ಹೇಳಿಸ್ಬೇಡಿ.”

ಮೇಷ್ಟ್ರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ನಗಲು ಹೋದರು, ನಗು ಬರಲಿಲ್ಲ. ಆಚೀಚೆ ನೋಡಿ, ಬನಿಯನ್ನನ್ನು ಕುತ್ತಿಗೆಯ ತನಕ ಎತ್ತಿದರು. ಎದೆ ಎರಡೂ ಕಡೆ ಊದಿತ್ತು, ಬೆಳೆಯುವ ಹುಡುಗಿಯ ಎದೆಯ ಹಾಗೆ. ಕಸರತ್ತಿನ ಎದೆ ಹೀಗಿರುವುದಿಲ್ಲವೆಂದು ಯಾರಿಗಾದರೂ ತಿಳಿಯುತ್ತಿತ್ತು. ಮೇಷ್ಟ್ರು ಅವಳ ಬೆರಳು ಹಿಡಿದು ಎಡಗಡೆಯ ತೊಟ್ಟಿನ ಪಕ್ಕ ಇಟ್ಟರು. ಚರ್ಮದ ಕೆಳಗೆ ಬಟಾಣಿಯಷ್ಟು ದಪ್ಪದ ಗಂಟು.

“ಯಾವಾಗಿಂದ?”

“ಗಂಟು ಬೇಸಿಗೇಲಿ ಕಂಡಿದ್ದು. ಊತ ಅದಕ್ಕೂ ಮುಂಚೆ. ಮೊದಲು ಖಂಡ ಅಂದ್ಕೊಂಡೆ. ಆಮೇಲೆ ನೋವು ಶುರುವಾಯ್ತು, ಅಂಗಿ ತಾಗಿದ್ರೂ ನೋವು.”

“ನನಗ್ಯಾಕೆ ಹೇಳ್ಲಿಲ್ಲ?”

“ಏನಂತ ಹೇಳ್ಲಿ? ಇದು ಹೆಂಗಸರಿಗೆ ಬರೋದು. ಗಂಡಸು ನಾನು, ಯಾರ ಮುಂದೆ ಹೋಗಿ ಎದೆ ಬಿಚ್ಚಲಿ?”

“ಊರಿನವರ ಮುಂದೆ ಎದೆ ಬಿಚ್ಚಿಕೊಂಡೇ ಅಲ್ವಾ ಇಷ್ಟು ವರ್ಷ ಸಂಬಳ ತಗೊಂಡಿದ್ದು?”

ಮೇಷ್ಟ್ರು ತಲೆ ತಗ್ಗಿಸಿ ಬನಿಯನ್ ಹಿಂಡಿದರು. “ನೀನು ನೋಡಿ ಅಸಹ್ಯಪಟ್ಕೊಂಡ್ರೆ ಅಂತ.”

ಅವಳಿಗೆ ಸಿಟ್ಟು ಬಂತು. “ಮಗಳನ್ನ ಹೆತ್ತಾಗ ನನ್ನ ಹೊಟ್ಟೆ ಹೇಗೆ ಜೋತುಬಿದ್ದಿತ್ತು. ನೀವು ಅಸಹ್ಯಪಟ್ಕೊಂಡ್ರಾ?”

“ಇಲ್ಲ.”

“ಮತ್ತೆ?”

ಇನ್ನೊಬ್ಬಳು ಇಲ್ಲ ಎಂಬ ಸಮಾಧಾನ ಅವಳಿಗೆ ಆಗಲೇ ಇಲ್ಲ. ಇನ್ನೊಬ್ಬಳಾಗಿದ್ದರೆ ಬೈದು ಓಡಿಸಬಹುದಿತ್ತು ಎನ್ನಿಸಿತು. ಗಂಟಿಗೆ ಬೈದರೆ ಹೋಗುತ್ತದೆಯೇ?

ಗಂಟಿನ ಡಾಕ್ಟರು ಒಬ್ಬ ಹೆಣ್ಣುಮಗಳು, ಚಿಕ್ಕಂದಿನಲ್ಲಿ ಮೇಷ್ಟ್ರ ಹತ್ತಿರವೇ ಈಜು ಕಲಿತವಳು. ಅದನ್ನು ಕೇಳಿ ಮೇಷ್ಟ್ರು ಒಲ್ಲೆನೆಂದರು. ಶಿಷ್ಯಳ ಮುಂದೆ ಮಾನ ಹೋಗುತ್ತದಂತೆ. ಮಾನ ಇಟ್ಟುಕೊಂಡು ಪ್ರಾಣ ಬಿಡುವ ಆಸೆ ಇದ್ದರೆ ಹೇಳಿ, ನಾನು ಕೊಳಕ್ಕೆ ವಾಪಸು ಹೋಗುತ್ತೇನೆ ಎಂದಳು ಹೆಂಡತಿ. ಹೊರಟರು.

ಅಲ್ಲಿನ ಕಾಯುವ ಕೋಣೆಯಲ್ಲಿ ಕೂತವರೆಲ್ಲ ಹೆಂಗಸರು. ಮೇಷ್ಟ್ರು ಕುರ್ಚಿಯ ತುದಿಯಲ್ಲಿ ಕೂತು, ಹೆಂಡತಿಯ ಕೈಚೀಲವನ್ನು ಎದೆಗೆ ಅಡ್ಡ ಹಿಡಿದುಕೊಂಡಿದ್ದರು. ನರ್ಸು ಬಂದು ಮಡಚಿದ ನಿಲುವಂಗಿಯೊಂದನ್ನು ಕಿಟಕಿಯಮ್ಮನ ಕೈಗೆ ಕೊಟ್ಟು, “ಒಳಗೆ ಹೋಗಿ ಬದಲಾಯಿಸ್ಕೊಳ್ಳಿ ಅಮ್ಮ, ಯಜಮಾನ್ರು ಇಲ್ಲೇ ಕೂತಿರ್ಲಿ” ಎಂದಳು. ಕಿಟಕಿಯಮ್ಮ ಅದನ್ನು ಗಂಡನ ಕೈಗೆ ದಾಟಿಸಿದಳು. ಕೂತವರೆಲ್ಲ ತಿರುಗಿ ನೋಡಿದರು. ಮೇಷ್ಟ್ರ ಕಿವಿ ಕೆಂಪಾಯಿತು. ಎದುರಿನ ಕುರ್ಚಿಯ ಅಜ್ಜಿಯೊಬ್ಬರು ಮೆಲ್ಲಗೆ, “ಹೋಗಪ್ಪ, ಏನೂ ಆಗಲ್ಲ. ಎದೆಯ ಚಿತ್ರ ತೆಗೆಯೋ ಆ ಮಿಷಿನ್ನು ಒಂಚೂರು ಹಿಸುಕುತ್ತೆ ಅಷ್ಟೇ” ಎಂದರು. ಆ ಮಾತಿಗೆ ಕಿಟಕಿಯಮ್ಮನ ಕಣ್ಣು ತುಂಬಿತು.

ಡಾಕ್ಟರಮ್ಮ ಮೇಷ್ಟ್ರನ್ನು ಕಂಡು ಎದ್ದು ನಿಂತಳು. ಮೇಷ್ಟ್ರು ನಿಲುವಂಗಿಯ ದಾರವನ್ನು ಬಿಚ್ಚದೆ ಬಿಗಿಯಾಗಿ ಹಿಡಿದಿದ್ದರು.

“ಮೇಷ್ಟ್ರೇ, ನೀವು ಮೈತುಂಬ ಬಟ್ಟೆ ಹಾಕ್ಕೊಂಡಿರೋದನ್ನ ನಾನು ನೋಡ್ತಿರೋದು ಇದೇ ಮೊದಲು” ಎಂದಳು ಅವಳು. “ಬಿಚ್ಚೋಕೆ ಯಾಕೆ ಸಂಕೋಚ?”

ಮೇಷ್ಟ್ರು ನಕ್ಕುಬಿಟ್ಟರು, ದಾರವೂ ಸಡಿಲವಾಯಿತು. ಅವಳು ಎರಡೂ ಕಡೆ, ಕಂಕುಳಲ್ಲಿ, ಕುತ್ತಿಗೆಯ ಬುಡದಲ್ಲಿ ನಿಧಾನವಾಗಿ ಮುಟ್ಟಿ ನೋಡಿದಳು. ಆಮೇಲೆ ಕೂತು, ಏನೇನು ಔಷಧಿ ತೆಗೆದುಕೊಳ್ಳುತ್ತೀರಿ ಎಂದು ಕೇಳಿದಳು. ಕಿಟಕಿಯಮ್ಮ ಚೀಲದಿಂದ ಮಾತ್ರೆಯ ಹಾಳೆ ತೆಗೆದುಕೊಟ್ಟಳು. ಡಾಕ್ಟರಮ್ಮ ಅದನ್ನು ತಿರುಗಿಸಿ ಓದಿದಳು.

“ಇದು ಗಂಡಸರ ಹಾರ್ಮೋನಿನ ಕೆಲಸಕ್ಕೆ ತಡೆ ಹಾಕುತ್ತೆ ಮೇಷ್ಟ್ರೇ. ಹಾಗೇ ಪ್ರಾಸ್ಟೇಟು ಕುಗ್ಗೋದು. ಒಳ್ಳೇ ಮಾತ್ರೆನೇ. ಆದ್ರೆ ಕೆಲವರಿಗೆ ಹೀಗೆ ಎದೆ ಊದುತ್ತೆ, ನೋಯುತ್ತೆ. ಇನ್ನೊಂದು ವಿಷಯ ಮುಚ್ಚಿಡಲ್ಲ. ಇದನ್ನ ತಗೊಂಡ ಗಂಡಸರಲ್ಲಿ ತೀರಾ ಅಪರೂಪಕ್ಕೆ ಎದೆಯ ಕ್ಯಾನ್ಸರ್ ಕಂಡಿದ್ದೂ ಉಂಟು. ಮಾತ್ರೆಯಿಂದಲೇ ಬಂತು ಅಂತ ಗಟ್ಟಿಯಾಗಿ ಯಾರೂ ಹೇಳಿಲ್ಲ, ಅಲ್ಲವೇ ಅಲ್ಲ ಅಂತಲೂ ಹೇಳಿಲ್ಲ. ಅದಕ್ಕೇ ಗಂಟು ಅಂದ್ರೆ ಸುಮ್ನಿರಬಾರದು. ಎದೆಯ ಚಿತ್ರ ತೆಗೆದು, ಗಂಟಿಗೆ ಸೂಜಿ ಹಾಕಿ ಒಂದು ಚೂರು ತೆಗೆದು ಪರೀಕ್ಷೆ ಮಾಡಿಬಿಡೋಣ.”

ಕ್ಯಾನ್ಸರ್ ಎಂಬ ಮಾತು ಬಂದ ಮೇಲೆ ಕಿಟಕಿಯಮ್ಮನಿಗೆ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ದಿನಾ ಬೆಳಿಗ್ಗೆ ಅಂಗೈಗೆ ಹಾಕಿದ್ದು ತಾನು. ಕೇಳಿಸತೊಡಗಿದಾಗ ಡಾಕ್ಟರಮ್ಮ ದನಿ ತಗ್ಗಿಸಿದ್ದಳು.

“ಇನ್ನೊಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮೈಯ ಆಸೆ ಕಮ್ಮಿಯಾಗಿದೆಯಾ?”

ಮೇಷ್ಟ್ರು ಮೇಲೆ ತಿರುಗುವ ಫ್ಯಾನನ್ನು ನೋಡಿದರು. ನೆಲ ನೋಡಿದರು. ಕೊನೆಗೆ ಹೂಂ ಎಂದರು.

“ಮಾತ್ರೆ ಶುರುವಾದ ಮೇಲಾ?”

“ಅದಾಗಿ ಒಂದಷ್ಟು ತಿಂಗಳಿಗೆ.”

“ಅದೂ ಇದರದ್ದೇ ಕೆಲಸ ಇರ್ಬೇಕು. ಬಹಳ ಜನ ಹೇಳ್ಕೊಳ್ಳಲ್ಲ.”

“ಹಾಗಾದ್ರೆ ನಾನಲ್ವಾ?” ಎಂದಳು ಕಿಟಕಿಯಮ್ಮ.

ಇಬ್ಬರೂ ಅವಳ ಕಡೆ ತಿರುಗಿದರು.

“ಏನಮ್ಮ?”

“ನಾನು ಮುದುಕಿಯಾದೆ, ಅದಕ್ಕೇ ಇವರಿಗೆ ಬೇಡವಾದೆ ಅಂದ್ಕೊಂಡಿದ್ದೆ.” ಹೇಳುವಾಗ ಅವಳ ಮುಖ ನೆಟ್ಟಗೇ ಇತ್ತು. ಹೇಳಿ ಮುಗಿದ ಮೇಲೆ ತಡೆಯಲಾಗಲಿಲ್ಲ. ಅಳಬಾರದ ಜಾಗದಲ್ಲಿ, ಅಳಬಾರದ ಹೊತ್ತಲ್ಲಿ, ಮಗಳ ವಯಸ್ಸಿನ ಡಾಕ್ಟರಮ್ಮನ ಮೇಜಿಗೆ ಮೊಣಕೈ ಊರಿ ಅತ್ತಳು. ಗಂಡನ ಎದೆಯಲ್ಲಿ ಗಂಟಿದೆ, ಅದು ಏನೋ ಎತ್ತೋ ಗೊತ್ತಿಲ್ಲ, ಆದರೂ ಆ ಅಳುವಿನಲ್ಲಿ ಒಂದು ಚೂರು ಸಂತೋಷವಿತ್ತು. ಅದಕ್ಕೆ ಅವಳಿಗೆ ನಾಚಿಕೆಯೂ ಆಯಿತು.

ಮೇಷ್ಟ್ರು ತೆರೆದ ನಿಲುವಂಗಿಯಲ್ಲೇ ಎದ್ದು ಅವಳ ಪಕ್ಕ ಬಂದರು. “ನೀನು ಒಂದು ಮಾತೂ ಕೇಳ್ಲಿಲ್ವಲ್ಲೇ. ನಿನಗೂ ಸಾಕಾಗಿರ್ಬೇಕು ಅಂದ್ಕೊಂಡೆ.”

“ಏನಂತ ಕೇಳ್ಲಿ?”

ಡಾಕ್ಟರಮ್ಮ ಬರೆಯುವುದೇನೂ ಇಲ್ಲದಿದ್ದರೂ ಏನೋ ಬರೆಯುತ್ತ ಕೂತಳು.

ಅವತ್ತೇ ಚಿತ್ರ ತೆಗೆದರು, ಸೂಜಿಯನ್ನೂ ಹಾಕಿದರು. ಮಿಷಿನ್ನು ಅಜ್ಜಿ ಹೇಳಿದ್ದಕ್ಕಿಂತ ಹೆಚ್ಚೇ ಹಿಸುಕಿತಂತೆ. ಫಲಿತಾಂಶಕ್ಕೆ ಕೆಲವು ದಿನ ಕಾಯಬೇಕಿತ್ತು. ಆ ದಿನಗಳಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಗಾಜಿನ ಲೋಟದಂತೆ ನೋಡಿಕೊಂಡರು. ಮೂತ್ರದ ಡಾಕ್ಟರನ್ನು ಕೇಳಿ ಮಾತ್ರೆ ನಿಲ್ಲಿಸಿದ್ದಾಗಿತ್ತು. ಬೆಳಿಗ್ಗೆ ಕಾಫಿಯ ಹೊತ್ತಿಗೆ ಅವಳ ಕೈ ಅಭ್ಯಾಸಬಲದಿಂದ ಮಾತ್ರೆ ಇಡುವ ಗೂಡಿನ ಕಡೆ ಹೋಗಿ, ಅಲ್ಲೇ ನಿಂತುಬಿಡುತ್ತಿತ್ತು.

“ನನ್ನ ಕೈಯಾರೆ ಕೊಟ್ನಲ್ರೀ” ಎಂದಳು ಒಂದು ಬೆಳಿಗ್ಗೆ.

“ನೀನು ಕೊಡದಿದ್ರೆ ನಾನು ಬಚ್ಚಲಲ್ಲೇ ಸಂಸಾರ ಹೂಡ್ಬೇಕಾಗಿತ್ತು” ಎಂದರು ಮೇಷ್ಟ್ರು. “ಡಾಕ್ಟರು ಅವತ್ತೇ ಹೇಳಿದ್ರು ಕಣೆ. ಎದೆ ಗಿದೆ ಅಂತ ಏನೋ ಅಂದ್ರು. ನನ್ನ ಎದೆಗೇನು ಅಂತ ನಾನೇ ಕೇಳಿಸ್ಕೊಳ್ಳಲಿಲ್ಲ.”

ಫಲಿತಾಂಶ ಬಂದ ದಿನ ಡಾಕ್ಟರಮ್ಮ ಬಾಗಿಲು ತೆರೆಯುವಾಗಲೇ ನಗುತ್ತಿದ್ದಳು. ಸುತ್ತುಬಳಸದೆ ಹೇಳಿದಳು. ಕ್ಯಾನ್ಸರ್ ಅಲ್ಲ. ಹಾರ್ಮೋನಿನ ಏರುಪೇರಿಗೆ ಊದಿಕೊಂಡ ಗ್ರಂಥಿ ಅಷ್ಟೇ. ಕಿಟಕಿಯಮ್ಮ ಕುರ್ಚಿಯ ಕೈ ಹಿಡಿದು ಕೂತಳು. ಮೇಷ್ಟ್ರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು, ಈ ಸಲ ಪೂರ್ತಿ ಕಿವಿಗೊಟ್ಟು ಕೇಳಿದರು. ಊತ ಇಳಿಯಬಹುದು, ಪೂರ್ತಿ ಇಳಿಯದೆಯೂ ಇರಬಹುದು. ನೋವು ಇನ್ನೂ ಕೆಲವು ತಿಂಗಳು ಇರುತ್ತದೆ. ಆಸೆ ಬಹುಮಂದಿಗೆ ಮರಳುತ್ತದೆ, ಕೆಲವರಿಗೆ ನಿಧಾನ, ಇಂಥ ದಿನವೆಂದು ಹೇಳಲಾಗದು. ಇನ್ನೊಂದು ಮುಖ್ಯ ಮಾತು: ಪ್ರಾಸ್ಟೇಟ್ ಕ್ಯಾನ್ಸರ್ ಇದೆಯೇ ಎಂದು ನೋಡುವ ರಕ್ತಪರೀಕ್ಷೆಯಲ್ಲಿ ಈ ಮಾತ್ರೆ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿ ತೋರಿಸುತ್ತದೆ. ಕಡಿಮೆ ಬಂತೆಂದು ಹಿಗ್ಗಬಾರದು, ಮಾತ್ರೆಯ ವಿಷಯ ಹೇಳಿಯೇ ಪರೀಕ್ಷೆ ಮಾಡಿಸಬೇಕು. ಮೇಷ್ಟ್ರ ಸಂಖ್ಯೆಯನ್ನು ಮೂತ್ರದ ಡಾಕ್ಟರು ಎರಡರಷ್ಟು ಮಾಡಿ ಲೆಕ್ಕ ಹಾಕಿ ನೋಡಿ, ಸದ್ಯಕ್ಕೆ ಭಯವಿಲ್ಲ, ಆದರೆ ತಪ್ಪದೆ ಬರಬೇಕು ಎಂದು ಬೇರೆ ಬಗೆಯ ಮಾತ್ರೆಗೆ ಬದಲಾಯಿಸಿದ್ದರು.

ಮಾರನೆಯ ಬೆಳಿಗ್ಗೆ ಮೇಷ್ಟ್ರು ಅಂಗಿ, ಬನಿಯನ್ ಎರಡನ್ನೂ ಬಿಚ್ಚಿಟ್ಟು ಕೊಳಕ್ಕೆ ಇಳಿದರು. ಹಿರಿಯರ ತಂಡ ನೋಡಿಯೂ ನೋಡದಂತೆ ನೀರು ಎರಚಿಕೊಳ್ಳುತ್ತಿತ್ತು. “ಕದ್ದು ನೋಡ್ಬೇಡಿ, ಸರಿಯಾಗಿ ನೋಡಿ” ಎಂದು ಮೇಷ್ಟ್ರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂಬಂತೆ ಅಂಚೆ ಮಾಸ್ತರರು ನೀರೊಳಗೇ ಎದೆ ಸವರಿಕೊಂಡರು. ಆ ವಾರವೆಲ್ಲ ಕಂಡಿಯೊಳಗೆ ಟಿಕೆಟ್ಟಿಗೆ ಬರುವ ಮುದಿ ಕೈಗಳಲ್ಲಿ ಒಂದೊಂದು ಮಾತ್ರೆ ಹಾಳೆ. “ಇದು ಅದೇನಾ ಅಮ್ಮ?”

“ನಾನು ಟಿಕೆಟ್ ಕೊಡೋಳು ಸ್ವಾಮಿ, ಡಾಕ್ಟರಲ್ಲ” ಎನ್ನುತ್ತಿದ್ದಳು ಅವಳು. “ಹೋಗಿ ಕೇಳಿ. ಹೆದರಿ ನೀವೇ ನಿಲ್ಲಿಸ್ಬೇಡಿ. ಮನೆಯವರಿಗೆ ಮಾತ್ರ ಮೊದಲು ಹೇಳಿ.”

ಕೊಳಕ್ಕೆ ವಾರದ ರಜೆ ಬಂತು. ಮಧ್ಯಾಹ್ನ ಊಟವಾದ ಮೇಲೆ ಮೇಷ್ಟ್ರು ಮಂಚದ ಮೇಲೆ ಅಂಗಾತ ಮಲಗಿದ್ದರು. ಗೋಡೆಯ ಕಡೆ ಸರಿದಿರಲಿಲ್ಲ, ನಡುವೆಯೇ ಮಲಗಿದ್ದರು. ಕಿಟಕಿಯಮ್ಮ ಪಾತ್ರೆ ತೊಳೆದು ಬಂದು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದಳು.

“ಏನು?” ಎಂದರು ಅವರು.

“ಏನಿಲ್ಲ.”

“ಆಸೆ ಗೀಸೆ ಇನ್ನೂ ಬಂದಿಲ್ಲ ಕಣೆ. ಮೊದಲೇ ಹೇಳ್ಬಿಡ್ತೀನಿ.”

“ಅದು ಬಂದಾಗ ಬರ್ಲಿ. ನೀವು ಇದೀರಲ್ಲ, ಸಾಕು.”

ಅವಳು ಹತ್ತಿರದ ಕಡೆಯಿಂದ ಹತ್ತಿ, ಅವರ ಪಕ್ಕ ಮಲಗಿ, ಎದೆಯ ಮೇಲೆ ತಲೆಯಿಟ್ಟಳು. ಅವರ ಮೈ ಒಮ್ಮೆ ಬಿಗಿಯಿತು. ಆ ಬಿಗಿತ ಅವಳಿಗೆ ಚೆನ್ನಾಗಿ ಗೊತ್ತಿತ್ತು, ವರ್ಷದಿಂದ ಅದನ್ನೇ ಉಂಡು ಮಲಗಿದವಳು. ಈಗ ಕೈ ತಳ್ಳುತ್ತಾರೆ, ಎದ್ದು ಹೋಗುತ್ತಾರೆ ಎಂದು ಅವಳ ಮೈಯೂ ತನ್ನಷ್ಟಕ್ಕೆ ತಾನೇ ಕಾಯಿತು. ಮೇಷ್ಟ್ರು ಅವಳ ತಲೆಯ ಮೇಲೆ ಕೈಯಿಟ್ಟರು.

“ಈ ಕಡೆ ನೋಯುತ್ತೆ ಕಣೆ” ಎಂದರು. “ಆ ಕಡೆಗೆ ಬಾ.”

ಅವಳು ಎದ್ದು, ಮಂಚವನ್ನು ಸುತ್ತಿ ಹೋಗಿ, ಆ ಕಡೆಯಿಂದ ಮಲಗಿದಳು.